ಇಳಿಜಾರು ಒಳಛಾವಣಿಯ ನಕ್ಷೆ

ನೆಲದ ಮೇಲೊಂದು ಕನ್ನಡಿಯನ್ನು ಹಾಸಿ, ಅದರಲ್ಲಿ ಮೂಡಿದ ಛಾವಣಿಯ ಪ್ರತಿಬಿಂಬವನ್ನು ಕಂಡಂತೆ ಬರೆಯುವುದೇ ಒಳಛಾವಣಿಯ ನಕ್ಷೆ. 2000ನೆಯ ಇಸವಿಯಲ್ಲಿ ಹೊರಬಂದು, 2002ರಲ್ಲಿ ಆಟೋಡೆಸ್ಕ್ ಸಂಸ್ಥೆಯ ವಶವಾದ 'ರೆವಿಟ್' ಎಂಬ ತಂತ್ರಾಂಶವು ಈ ನಕ್ಷೆಗಾಗಿ ಕಟ್ಟಡವನ್ನು ಕಲ್ಪಿತ ಅಡ್ಡತಲವೊಂದರಿಂದ ಛೇದಿಸಿ, ಅಲ್ಲಿಂದ ಮೇಲಕ್ಕೆ ನೋಡುತ್ತದೆ. ಈ ಛೇದತಲದ ಎತ್ತರ ಸಾಮಾನ್ಯವಾಗಿ 2300 ಮಿ.ಮೀ. ಸಮತಟ್ಟಾದ ಛಾವಣಿಗೆ ಇದು ಸಾಕು. ತೊಡಕು ಬರುವುದು ಇಳಿಜಾರಿನಲ್ಲಿ.

ಒಂದು ಛಾವಣಿಯು 2100 ಮಿ.ಮೀ. ಎತ್ತರದಲ್ಲಿ ಆರಂಭವಾಗಿ, ಮೂರಕ್ಕೆ ಒಂದರಂತೆ ಏರುತ್ತದೆ ಎನ್ನೋಣ. ಛೇದತಲವನ್ನು ಮುಟ್ಟಲು ಅದು 200 ಮಿ.ಮೀ. ಏರಬೇಕು, ಅಷ್ಟರಲ್ಲಿ 600 ಮಿ.ಮೀ. ಅಗಲದ ಪಟ್ಟಿಯೊಂದು ನಕ್ಷೆಯಿಂದ ಮಾಯವಾಗಿರುತ್ತದೆ. ಅಲ್ಲಿ ದೀಪಗಳಿದ್ದರೆ ಅವೂ ಕಾಣವು. ನಕ್ಷೆಯನ್ನೇ ನಂಬಿ ತಂತಿ ಎಳೆಯುವವನು ಮಾಡುವುದಾದರೂ ಏನು?

ಪರಿಹಾರವು 'ವ್ಯೂ ರೇಂಜ್' ಎಂಬ ಏರ್ಪಾಡಿನಲ್ಲಿದೆ. ಅಲ್ಲಿ ಛೇದತಲವನ್ನು 2000 ಮಿ.ಮೀ.ಗೆ ಇಳಿಸಬೇಕು, ನೋಟದ ಮೇಲ್ಮಿತಿಯನ್ನು ಛಾವಣಿಯ ತುದಿಗಿಂತ ಎತ್ತರಕ್ಕೆ ಏರಿಸಬೇಕು. ಆದರೆ ಹೀಗೆ ಇಳಿಸಿದೊಡನೆ, 2100 ಮಿ.ಮೀ. ಎತ್ತರದವರೆಗಿನ ಕಿಟಕಿಗಳೂ ಛೇದಕ್ಕೆ ಸಿಕ್ಕಿ ನಕ್ಷೆಯಲ್ಲೆಲ್ಲ ಮೂಡುತ್ತವೆ. ಆದ್ದರಿಂದ ಇಳಿಜಾರಿರುವ ಭಾಗದ ಸುತ್ತ ಮಾತ್ರ 'ಪ್ಲಾನ್ ರೀಜನ್' ಎಂಬ ಮುಚ್ಚಿದ ಗಡಿಯನ್ನು ಬರೆದು, ಬದಲಾವಣೆಯನ್ನು ಅದರೊಳಗಷ್ಟೇ ಮಾಡುವುದು ಜಾಣತನ. ಇಂಥ ಎರಡು ಗಡಿಗಳು ಒಂದರ ಮೇಲೊಂದು ಬೀಳಕೂಡದು. ಅಂಚುಗಳು ತಾಗಿದರೆ ಅಡ್ಡಿಯಿಲ್ಲ.