ಸಿಹಿಮೂತ್ರವೂ ಮರುಕಳಿಸುವ ಉರಿಯೂ

ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಕಂಡಿದ್ದರು. ರಕ್ತದ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿತೆಂದರೆ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರದೆ ಹೊರಚೆಲ್ಲುವುವೆಂಬುದೇ ಆ ಇರುವೆಸಾಲಿನ ಗುಟ್ಟು.

ಆದರೆ ಮಧುಮೇಹಿಗಳಲ್ಲಿ ಮರುಕಳಿಸುವ ಮೂತ್ರದ ಸೋಂಕಿಗೆ ಈ ಸಿಹಿಯೊಂದನ್ನೇ ದೂರುವುದು ನ್ಯಾಯವಲ್ಲ. ಬಹುಕಾಲದ ಮಧುಮೇಹವು ಮೂತ್ರಕೋಶದ ನರಗಳನ್ನು ಮಂಕುಗೊಳಿಸುವುದರಿಂದ, ತುಂಬಿದ್ದರೂ ತುಂಬಿತೆಂಬ ಅರಿವಿಲ್ಲದೆ, ಬರಿದಾಯಿತೆಂದು ಎದ್ದುಬಂದರೂ ತಳದಲ್ಲಿ ಒಂದಿಷ್ಟು ಉಳಿದೇ ಇದ್ದು, ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ಅಲ್ಲಿ ಕರುಳಿನ ಇ. ಕೋಲೈ ಜೀವಾಣುಗಳು ವೃದ್ಧಿಸುವುವು. ಆದಕಾರಣ ಒತ್ತಡಕ್ಕೆ ಕಾಯದೆ, ಮೂರು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಹೋಗುವುದೂ, ಒಮ್ಮೆ ವಿಸರ್ಜಿಸಿದ ಮೇಲೆ ಅರೆನಿಮಿಷ ಕುಳಿತಿದ್ದು ಮತ್ತೊಮ್ಮೆ ಪ್ರಯತ್ನಿಸುವುದೂ ಮೇಲು. ಬಸ್ ನಿಲ್ದಾಣದ ಶೌಚಾಲಯಕ್ಕೆ ಅಂಜಿ ಒಂದು ಲೋಟ ನೀರಿನಲ್ಲೇ ಸಂಜೆ ಮಾಡುವ ನಮ್ಮ ಹೆಂಗಸರ ಪಾಡನ್ನು ಬಲ್ಲೆ. ಆದರೂ ಹೃದಯ, ಮೂತ್ರಪಿಂಡಗಳ ಕಾಯಿಲೆಯಿಂದ ನಿರ್ಬಂಧವಿಲ್ಲದವರು ನೀರನ್ನು ಧಾರಾಳವಾಗಿ ಕುಡಿಯಲೇಬೇಕು.

ಮುಟ್ಟು ನಿಂತವರಿಗೆ ವೈದ್ಯರು ಬರೆದುಕೊಡುವ ಈಸ್ಟ್ರೋಜನ್ ಯೋನಿಲೇಪವು ಬಹಳ ಉಪಕಾರಿ. ಉರಿಯಾಗಲಿ ಜ್ವರವಾಗಲಿ ಇಲ್ಲದೆ ಪರೀಕ್ಷೆಯ ಕಾಗದದಲ್ಲಿ ಮಾತ್ರ ಜೀವಾಣು ಕಂಡರೆ, ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಶಸ್ತ್ರಚಿಕಿತ್ಸೆಗೆ ಅಣಿಯಾದವರ ಹೊರತು, ಮಧುಮೇಹಿಗಳಿಗೂ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆಯನ್ನು ಕೊಂಡುತರುವ ಚಾಳಿಯಂತೂ ಬೇಡವೇ ಬೇಡ. ಆರು ತಿಂಗಳಲ್ಲಿ ಎರಡು, ಅಥವಾ ವರ್ಷದಲ್ಲಿ ಮೂರು ಬಾರಿ ಸೋಂಕು ಮರುಕಳಿಸಿದರೆ ಮೂತ್ರದ ಕಲ್ಚರ್ ಮಾಡಿಸಿ, ವಿಸರ್ಜನೆಯ ಬಳಿಕ ಎಷ್ಟು ಉಳಿಯುವುದೆಂಬುದನ್ನು ಸ್ಕ್ಯಾನಿನಲ್ಲಿ ಅಳೆಸಿರಿ; ಚಳಿಜ್ವರವೂ ಪಕ್ಕೆನೋವೂ ಕೂಡಿಬಂದರೆ ಅಂದೇ ಆಸ್ಪತ್ರೆಗೆ ನಡೆಯಿರಿ.