ವಕೀಲರ ಫೀಸು ಕೇಳೋಕೆ ಸಂಕೋಚ ಯಾಕೆ?

ಯಜಮಾನರು ತೀರಿಕೊಂಡ ದುಃಖದಲ್ಲಿ ‘ಫೀಸೆಷ್ಟು?’ ಅಂತ ವಕೀಲರನ್ನು ಕೇಳೋಕೆ ಬಾಯೇ ಬರೋಲ್ಲ, ಅಲ್ವಾ? ಆದರೆ ಕೇಳಲೇಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೊಲ ಎಲ್ಲೇ ಇರಲಿ, ತಕರಾರು ಇಲ್ಲದಿದ್ದರೆ ಪೌತಿ ಖಾತೆಗೆ ನಾಡಕಚೇರಿಯಲ್ಲಿ ನೀವೇ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ.

ಠೇವಣಿಗೆ ನಾಮಿನಿ ಇಲ್ಲದೆ, ಬ್ಯಾಂಕು ಸಕ್ಸೆಷನ್ ಸರ್ಟಿಫಿಕೇಟ್ ಕೇಳಿದರೆ ಮಾತ್ರ ಕೋರ್ಟಿಗೆ ಹೋಗಬೇಕು. ಆಗ ಕೋರ್ಟ್ ಶುಲ್ಕ, ಪತ್ರಿಕಾ ಪ್ರಕಟಣೆಯ ಖರ್ಚು, ವಕೀಲರ ಫೀಸು ಮೂರನ್ನೂ ಬೇರೆ ಬೇರೆಯಾಗಿ ಮೊದಲೇ ಬರೆಸಿಕೊಳ್ಳಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ‘ಬಂದ ಹಣದಲ್ಲಿ ಇಷ್ಟು ಪಾಲು’ ಅನ್ನೋ ಒಪ್ಪಂದ ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ.

ಕೈಯಲ್ಲಿ ಕಾಸಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಮಹಿಳೆಯರು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಒಡವೆ ಅಡ ಇಡುವ ಮೊದಲು 15100ಕ್ಕೆ ಒಂದು ಫೋನ್ ಮಾಡಿ.