ಕಟ್ಟಡ ಅಳಿಯಿತು, ಹೆಸರು ಉಳಿಯಿತು

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರದ ಹೆದ್ದಾರಿಯಿಂದ ಕೊಂಚ ಒಳಗೆ, ವಸಂತಪುರದ ಗುಡ್ಡವಿದೆ. ಅದರ ಮೇಲೆ ವಸಂತವಲ್ಲಭರಾಯ ಸ್ವಾಮಿಯ ಪುರಾತನ ದೇವಾಲಯ. ಇದು ಮಾಂಡವ್ಯ ಋಷಿಗಳ ತಪೋಭೂಮಿಯೆಂದು ಸ್ಥಳಪುರಾಣ ಸಾರುತ್ತದೆ. ನಗರದಿಂದ ಬಹುದೂರವೆನಿಸಿಕೊಂಡಿದ್ದ ಈ ಊರು ಉತ್ತರಹಳ್ಳಿ ಹೋಬಳಿಯ ಒಂದು ಪುಟ್ಟ ಗ್ರಾಮವಾಗಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲೆ ಅದರ ಹೆಸರು ಒಂದು ವಾರ್ಡಿನ ಹೆಸರಾಯಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯನ್ನು ದಾಟಿ ರೇಷ್ಮೆ ಸಂಸ್ಥೆಯವರೆಗೆ ಓಡತೊಡಗಿತು. ಹೊಲಗಳಿದ್ದೆಡೆ ಬಹು ಅಂತಸ್ತಿನ ವಸತಿಗೃಹಗಳು ಎದ್ದು ನಿಂತವು.

ಸುತ್ತಲಿನದೆಲ್ಲ ಬದಲಾದರೂ ದೇವಾಲಯ ನಿಂತಿದೆ. ಕಾರಣ ಸರಳವಾದುದು. ದೇವಾಲಯ ಶಿಥಿಲವಾದರೆ ಅದನ್ನು ಜೀರ್ಣೋದ್ಧಾರ ಮಾಡುವುದು ನಮ್ಮ ಜನರ ಪರಂಪರೆ; ಅದಕ್ಕೊಂದು ಹೆಸರಿದೆ, ವಿಧಿಯಿದೆ, ಪುಣ್ಯದ ಆಸೆಯೂ ಇದೆ. ಆದರೆ ಮನುಷ್ಯನು ಹುಟ್ಟಿ ಬೆಳೆದ ಮನೆಗೆ, ಓದಿದ ಶಾಲೆಗೆ, ಚಲನಚಿತ್ರ ನೋಡಿ ನಲಿದ ಟಾಕೀಸಿಗೆ ಅಂತಹ ಜೀರ್ಣೋದ್ಧಾರವಿಲ್ಲ. ಅವು ಹಳತಾದರೆ ಕೆಡವುವುದೊಂದೇ ದಾರಿಯೆಂದು ಎಲ್ಲರೂ ಒಪ್ಪಿಕೊಂಡಂತಿದೆ.

ಬಡಾವಣೆ ಹುಟ್ಟಿದ ಬಗೆ

1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1951ರಲ್ಲಿ ಅದು 8 ಲಕ್ಷವನ್ನು ಸಮೀಪಿಸಿತ್ತು. ಹತ್ತು ವರ್ಷಗಳಲ್ಲಿ ಬಂದು ಸೇರಿದ ಇಷ್ಟು ಜನಕ್ಕೆ ಸೂರು ಬೇಕಾಗಿತ್ತು. 1945ರಲ್ಲಿ ಸ್ಥಾಪನೆಯಾಗಿದ್ದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಲಾಲ್‌ಬಾಗಿನ ದಕ್ಷಿಣಕ್ಕೆ ಹೊಸದೊಂದು ಬಡಾವಣೆಯನ್ನು ಕೈಗೊಂಡಿತು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಶಂಕುಸ್ಥಾಪನೆಯಾದ ಆ ಬಡಾವಣೆಯೇ ಜಯನಗರ. ಅದರ ನೆನಪಿಗೆ ನಿಂತ ಅಶೋಕ ಸ್ತಂಭ ಇಂದಿಗೂ ದಾರಿಹೋಕರಿಗೆ ಗುರುತು.

ಬಡಾವಣೆ ಬರುವ ಮೊದಲೂ ಆ ನೆಲ ಬರಿದಾಗಿರಲಿಲ್ಲ. ಕನಕನಪಾಳ್ಯ, ಸಿದ್ದಾಪುರ, ಭೈರಸಂದ್ರ, ಯಡಿಯೂರುಗಳೆಂಬ ಹಳ್ಳಿಗಳು ತಮ್ಮ ಕೆರೆ, ತೋಪು, ಗ್ರಾಮದೇವತೆಗಳೊಡನೆ ಅಲ್ಲಿದ್ದವು. ಮುಂದೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದಾಗ ಬಿ.ಟಿ.ಎಂ. ಬಡಾವಣೆಯಾಯಿತು. ಆ ಮೂರು ಅಕ್ಷರಗಳಲ್ಲಿ ಮೂರು ಊರುಗಳು ಅಡಗಿವೆಯೆಂಬುದು ಅಲ್ಲಿ ಬೆಳೆಯುತ್ತಿರುವ ಎಷ್ಟು ಮಕ್ಕಳಿಗೆ ತಿಳಿದೀತು!

ಮನೆಯೊಳಗಿನ ನೆನಪು

ಪ್ಲೇಗಿನ ಹಾವಳಿಯ ತರುವಾಯ ರೂಪುಗೊಂಡ ಬಸವನಗುಡಿಯ ಹಳೆಯ ಮನೆಗಳಲ್ಲಿ ಜಗಲಿಯಿತ್ತು. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಬಡಿದು ಗಟ್ಟಿಗೊಳಿಸಿದ ಮದರಾಸು ತಾರಸಿಯಿತ್ತು. ಬೇಸಗೆಯ ನಡುಹಗಲಿನಲ್ಲಿಯೂ ಆ ಮನೆಗಳ ಒಳಗೆ ತಂಪು. ಜಯನಗರದ ಮನೆಗಳು ಅವಕ್ಕಿಂತ ಹೊಸಬಗೆಯವು. ಆದರೂ ಮುಂದೊಂದು ವರಾಂಡ, ಕೆಂಪು ಕಾವಿಯ ನುಣುಪು ನೆಲ, ಬಚ್ಚಲಲ್ಲಿ ತಾಮ್ರದ ಹಂಡೆ, ಹಿತ್ತಲಲ್ಲಿ ಒಗೆಯುವ ಕಲ್ಲು, ಒಂದು ತೆಂಗು, ಒಂದು ಕರಿಬೇವಿನ ಗಿಡ ಇಲ್ಲದ ಮನೆ ಅಪರೂಪವಾಗಿತ್ತು.

ಅಲ್ಲಿ ಬೆಳೆದ ಮಕ್ಕಳಿಗೆ ಮನೆಯೆಂದರೆ ಗೋಡೆಯಷ್ಟೇ ಅಲ್ಲ. ಮಧ್ಯಾಹ್ನ ಮಲಗಿದರೆ ಬೆನ್ನಿಗೆ ಹಿತವೆನಿಸುತ್ತಿದ್ದ ಆ ಕೆಂಪು ನೆಲ, ಪ್ರತಿ ಯುಗಾದಿಗೆ ಎತ್ತರ ಅಳೆದು ಗೆರೆ ಎಳೆದಿದ್ದ ಬಾಗಿಲ ಚೌಕಟ್ಟು, ಪಕ್ಕದ ಮನೆಯವರೊಡನೆ ಸಾರಿನ ಬಟ್ಟಲು ವಿನಿಮಯವಾಗುತ್ತಿದ್ದ ಮೋಟುಗೋಡೆ, ಇವೆಲ್ಲವೂ ಸೇರಿ ಮನೆ. ಕಾಂಪೌಂಡಿನ ಗಿಡದ ಹೂವನ್ನು ಬೀದಿಯ ಮಕ್ಕಳು ಕೊಯ್ದರೆ ಗದರಿಸುವ ಅಜ್ಜಿಯೂ ಆ ಮನೆಯ ಒಂದು ಅಂಗವೇ.

ಹೆಸರಿನಲ್ಲಿ ಉಳಿದವು

ಕಟ್ಟಡ ಹೋದರೂ ಜನರ ನಾಲಗೆಯಿಂದ ಅದರ ಹೆಸರು ಸುಲಭವಾಗಿ ಹೋಗುವುದಿಲ್ಲ. ಜಯನಗರದ ನಂದಾ ಚಿತ್ರಮಂದಿರ ಇಂದಿಲ್ಲ. ನಂದಾ ಟಾಕೀಸ್ ರಸ್ತೆ ಇದೆ. ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರು ಹೊತ್ತಿದ್ದ ಚಿತ್ರಮಂದಿರವೂ ನೆಲಸಮವಾಯಿತು. ನಗರದ ಮಧ್ಯದಲ್ಲಿಯೂ ಇದೇ ಕಥೆ. ಮೆಜೆಸ್ಟಿಕ್ ಚಿತ್ರಮಂದಿರ ಮಾಯವಾಗಿದೆ; ನಾಡಿನ ಮೂಲೆ ಮೂಲೆಯಿಂದ ಬಸ್ಸಿನಲ್ಲಿ ಬರುವವರು ಇಂದಿಗೂ 'ಮೆಜೆಸ್ಟಿಕ್ಕಿಗೆ ಒಂದು ಟಿಕೀಟು' ಎನ್ನುತ್ತಾರೆ. ಅವರು ಇಳಿಯುವ ನಿಲ್ದಾಣವಾದರೋ ಧರ್ಮಾಂಬುಧಿ ಕೆರೆಯ ಅಂಗಳ! 1968ರಲ್ಲಿ ಅಂದಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ್ದ ಭವ್ಯವಾದ ಕಪಾಲಿ ಚಿತ್ರಮಂದಿರ ಅರ್ಧ ಶತಮಾನವನ್ನೂ ಸರಿಯಾಗಿ ಪೂರೈಸಲಿಲ್ಲ.

ಲಾಲ್‌ಬಾಗಿನ ಕೃಂಬಿಗಲ್ ಸಭಾಂಗಣದ ಕಥೆ ಇನ್ನಷ್ಟು ನೋವಿನದು. ಜರ್ಮನಿಯಲ್ಲಿ ಹುಟ್ಟಿ, ಬೆಂಗಳೂರಿನ ಬೀದಿಗಳಿಗೆ ಋತು ಋತುವಿಗೂ ಹೂಬಿಡುವ ಮರಗಳನ್ನು ಕೊಟ್ಟು, 1956ರಲ್ಲಿ ಇಲ್ಲಿಯೇ ಮಣ್ಣಾದ ತೋಟಗಾರಿಕಾ ತಜ್ಞ ಜಿ. ಎಚ್. ಕೃಂಬಿಗಲ್ಲರ ಹೆಸರಿನ ಆ ಕಟ್ಟಡ ವರ್ಷಗಟ್ಟಲೆ ದುರಸ್ತಿಯಿಲ್ಲದೆ ಸೊರಗಿ, 2017ರ ನವೆಂಬರಿನಲ್ಲಿ ನೆಲಕ್ಕುರುಳಿತು. ಅದು ಅಣ್ಣತಮ್ಮಂದಿರು ಪಾಲು ಕೇಳುವ ಖಾಸಗಿ ಆಸ್ತಿಯಾಗಿರಲಿಲ್ಲ, ಊರಿನ ಸೊತ್ತಾಗಿತ್ತು.

ಕೆಡವುವ ಕೈ ಯಾರದು?

ಮನೆಗಳ ಮಾತು ಬಂದಾಗ ದೋಷವನ್ನು ಕಟ್ಟಡದ ಗುತ್ತಿಗೆದಾರರ ತಲೆಗೆ ಕಟ್ಟುವುದು ಸುಲಭ. ಆದರೆ ಮನೆಯ ಬೀಗದ ಕೈ ಮೊದಲು ಮನೆಯವರ ಕೈಯಲ್ಲಿಯೇ ಇರುತ್ತದೆ. ತಂದೆ ಸಾಲ ಮಾಡಿ ಕಟ್ಟಿಸಿದ ಒಂದು ಮನೆ, ಹಕ್ಕುದಾರರು ನಾಲ್ವರು. ಒಬ್ಬರು ಪರದೇಶದಲ್ಲಿ, ಇನ್ನೊಬ್ಬರಿಗೆ ಮಗಳ ಮದುವೆಯ ಚಿಂತೆ. ಮನೆಯನ್ನು ನಾಲ್ಕಾಗಿ ಹಂಚಲಾಗದು. ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದರೆ ಎಲ್ಲರಿಗೂ ಒಂದೊಂದು ಪಾಲು. ನಿವೇಶನದ ಬೆಲೆ ಗಗನಕ್ಕೇರಿದೆ, ಮೇಲಿರುವ ಮನೆಗೆ ಬೆಲೆಯೇ ಇಲ್ಲ. ಸೋರುವ ತಾರಸಿಯನ್ನು ರಿಪೇರಿ ಮಾಡಬಲ್ಲ ಗಾರೆ ಕೆಲಸದವರೂ ವಿರಳರಾಗಿದ್ದಾರೆ. ಇಂತಹ ಸಂಸಾರವನ್ನು ಹೃದಯವಿಲ್ಲದವರೆಂದು ಜರೆಯುವುದು ನ್ಯಾಯವಲ್ಲ.

2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 84 ಲಕ್ಷವನ್ನು ಮುಟ್ಟಿತ್ತು. ಹೊಸದಾಗಿ ಬಂದವರಿಗೂ ಸೂರು ಬೇಕು. 1948ರಲ್ಲಿ ಜಯನಗರಕ್ಕಾಗಿ ಹೊಲ ತೋಪುಗಳು ದಾರಿ ಬಿಟ್ಟಂತೆ, ಇಂದು ಜಯನಗರದ ಮನೆಗಳು ದಾರಿ ಬಿಡುತ್ತಿವೆ. ಹಳೆಯ ಮನೆಗಾಗಿ ಮರುಗುವವರು ಆ ಹೊಲಗಳನ್ನು ಕಳೆದುಕೊಂಡವರನ್ನೂ ಒಮ್ಮೆ ನೆನೆಯಬೇಕು.

ಉಳಿಸಬಹುದಾದುದು

ಹಾಗೆಂದು ಎಲ್ಲವನ್ನೂ ವಿಧಿಯೆಂದು ಬಿಟ್ಟುಬಿಡಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವುವ ಮಾತು ಬಂದಾಗ ನಾಗರಿಕರು ದನಿಯೆತ್ತಿದರು. ಆ ಕೆಂಪು ಕಟ್ಟಡದಲ್ಲಿ ಇಂದಿಗೂ ಉಚ್ಚ ನ್ಯಾಯಾಲಯ ಕಲಾಪ ನಡೆಸುತ್ತಿದೆ. ಊರಿನ ಸೊತ್ತನ್ನು ಊರಿನವರು ಕೇಳಿದರೆ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮನೆಯನ್ನು ಉಳಿಸಲಾಗದ ಸಂಸಾರವೂ ಕೆಲವನ್ನು ಉಳಿಸಿಕೊಳ್ಳಬಹುದು. ಕೆಡವುವ ಮುನ್ನ ಪ್ರತಿ ಕೋಣೆಯ ಛಾಯಾಚಿತ್ರ ತೆಗೆಸಿ, ಮನೆಯ ನಕ್ಷೆಯನ್ನೂ ಹಳೆಯ ಪತ್ರಗಳನ್ನೂ ಕಾಪಾಡಬಹುದು. ತೇಗದ ಬಾಗಿಲನ್ನು ಹೊಸ ಮನೆಗೆ ಜೋಡಿಸಬಹುದು. ಎಲ್ಲಕ್ಕಿಂತ ಮೇಲಾಗಿ, ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಬೀದಿಯ ಕಥೆಯನ್ನು ಕೇಳಿ ಬರೆದಿಡಬಹುದು. ಇದಕ್ಕೆ ಹಣ ಬೇಡ. ಒಂದು ಭಾನುವಾರದ ಸಂಜೆ ಸಾಕು.

ವಸಂತಪುರದ ಹೊಸ ವಸತಿಗೃಹಗಳಲ್ಲಿ ಇಂದು ಮಕ್ಕಳು ಬೆಳೆಯುತ್ತಿದ್ದಾರೆ. ಲಿಫ್ಟಿನ ಬಾಗಿಲು, ಏಳನೆಯ ಅಂತಸ್ತಿನ ಮೊಗಸಾಲೆ, ಅಲ್ಲಿಂದ ಕಾಣುವ ಗುಡ್ಡದ ಗೋಪುರ, ಇವೇ ಅವರ ಬಾಲ್ಯದ ಗುರುತುಗಳು. ಇನ್ನು ಐವತ್ತು ವರ್ಷಕ್ಕೆ ಅವರೂ ತಮ್ಮ ಮನೆಯನ್ನು ಅರಸಿ ಬಂದಾರು. ಆಗ ಅವರಿಗೆ ತೋರಿಸಲು ಏನಾದರೂ ಉಳಿದಿರಬೇಕಾದರೆ, ಉಳಿಸುವ ಅಭ್ಯಾಸವನ್ನು ಇಂದಿನ ಹಿರಿಯರೇ ಅವರಿಗೆ ಕಲಿಸಬೇಕು.